ನೀಲಿ ನೀರು ಮತ್ತು ಒಣಮೀನು

ಮೊಮ್ಮಗಳ ಉಸಿರು ಕಟ್ಟಿಸಿದ್ದು ನನ್ನ ಒಣಮೀನಲ್ಲ, ಗಾಜು ಒರೆಸುವ ನೀಲಿ ನೀರು. ನಿನ್ನೆ ಕುಮಟೆಯ ಕನ್ನಡಕದಂಗಡಿಯವಳು ಗಾಜಿನ ಕಪಾಟಿಗೆ ಅದನ್ನೇ ಫುಸ್ಸೆಂದು ಹೊಡೆದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ಎಲ್ಲ ನೆನಪಾಯಿತು.

ನಮ್ಮದು ಮಂಕಿ ಊರಿನ ಕಡಲ ಬದಿಯ ಮನೆ. ಗಾಳಿಯೇ ಉಪ್ಪು, ಇವತ್ತು ಒರೆಸಿದ ಗಾಜು ನಾಳೆ ಮಬ್ಬು. ನಾನು ಶಿರ್ಕಾಕ್ಕೆ, ಅದೇ ಈಗಿನವರ ವಿನೆಗರ್, ನೀರು ಬೆರೆಸಿ ಹಳೇ ಪೇಪರಿನಲ್ಲಿ ತಿಕ್ಕುತ್ತಿದ್ದೆ. ಅದು ಪರಿಮಳದ್ದಲ್ಲ, ಒಪ್ಪಿದೆ. ನಾನೂ ಪರಿಮಳದವಳಲ್ಲ, ಒಣಮೀನು ಮಾರಿ ಮಕ್ಕಳನ್ನು ಸಾಕಿದವಳು. ಮಗ ಆಳೆತ್ತರದ ಕನ್ನಡಿಯ ಕಪಾಟು ತಂದ, ಸೊಸೆ ನೀಲಿ ಬಾಟಲಿ ತಂದಳು. ಉಪ್ಪುಗಾಳಿ ಬಾರದಂತೆ ಕಿಟಕಿ ಮುಚ್ಚಿಯೇ ಹೊಡೆಯುವಳು. ಕೋಣೆಯೆಲ್ಲ ಹೂವಿನಂಗಡಿ.

ಆ ಮಳೆಗಾಲದಲ್ಲಿ ಮಗುವಿಗೆ ಉಬ್ಬಸ ಹತ್ತಿತು. ಎದೆ ಸಿಳ್ಳೆ ಹಾಕುತ್ತಿತ್ತು.

"ಅತ್ತೆ, ಇದು ನಿಮ್ಮ ಮೀನಿನ ನಾತಕ್ಕೇ," ಎಂದಳು ಸೊಸೆ.

"ನಿನ್ನ ಗಂಡ ಆ ನಾತದಲ್ಲೇ ಬೆಳೆದಂವ. ಅಂವಂಗೆ ಎಂತ ಆತು?"

ಮಗ ತಲೆ ಎತ್ತಲಿಲ್ಲ. "ಬಿಟ್ಬಿಡು ಅಮ್ಮ. ಮಗು ಮುಖ ನೋಡು."

ನೋಡಿದೆ. ನೋಡಿದ ಮೇಲೆ ಹಟ ಎಲ್ಲಿಯದು? ಮೀನಿನ ಬುಟ್ಟಿ ತೊಳೆದು ಕವುಚಿಟ್ಟೆ. ಹೊನ್ನಾವರ ಪೇಟೆಯಲ್ಲಿ ನನ್ನ ಜಾಗಕ್ಕೆ ಬೇರೆಯವಳು ಬಂದಳು. ಮಗುವಿನ ಪಕ್ಕ ಮಲಗುವುದನ್ನೂ ಬಿಡಿಸಿದರು, ಸೀರೆಗೂ ನಾತವಂತೆ. ನಾನು ಜಗಲಿಗೆ ಬಂದೆ. ಉಬ್ಬಸ ಒಳಗೇ ಉಳಿಯಿತು.

ಕೊನೆಗೆ ಡಾಕ್ಟರು, ಯಾವಾಗ ಜಾಸ್ತಿಯಾಗುತ್ತದೆ ಎಂದು ಮಗುವನ್ನೇ ಕೇಳಿದರು. "ಅಮ್ಮ ಕನ್ನಡಿಗೆ ಫುಸ್ ಮಾಡ್ದಾಗ" ಎಂದಿತು. ಮನೆಯಲ್ಲಿ ಯಾರೂ ಮಗುವನ್ನು ಹಾಗೆ ಕೇಳಿರಲಿಲ್ಲ, ನಾನೂ ಸೇರಿ.

ಬಾಟಲಿ ಹೊರಗೆ ಹೋಯಿತು, ಕಿಟಕಿ ತೆರೆಯಿತು, ಸಿಳ್ಳೆ ಇಳಿಯಿತು. ಹಾಗಂತ ಮನೆಯಲ್ಲಿ ಮಾಡಿದ್ದೆಲ್ಲ ಅಮೃತ ಎನ್ನಬೇಡಿ. ನನ್ನ ಶಿರ್ಕಾಕ್ಕೂ ಮಗು ಕೆಮ್ಮಿತು. ಈಗ ಬರೀ ನೀರು, ಹಿಂಡಿದ ಹತ್ತಿಬಟ್ಟೆ. ಕನ್ನಡಿ ಸ್ವಲ್ಪ ಮಬ್ಬಾಗಿದ್ದರೆ ಇರಲಿ. ಅಷ್ಟು ನಿಚ್ಚಳವಾಗಿ ನೋಡಿಕೊಳ್ಳುವಂಥ ಮುಖ ನಮ್ಮ ಮನೆಯಲ್ಲಿ ಯಾರದ್ದೂ ಅಲ್ಲ.

ತಪ್ಪಾಯಿತು ಎಂದು ಮಾತ್ರ ಯಾರೂ ಹೇಳಲಿಲ್ಲ. ನಾನು ಜಗಲಿಯಲ್ಲೇ ಉಳಿದೆ. ನಿನ್ನೆ ಕುಮಟೆಯಿಂದ ಬರುವಾಗ ಬಸ್ಸಿನಲ್ಲಿ ಜೊತೆಗಿದ್ದ ಮಗನೆದುರು ಆ ಮಾತು ತೆಗೆದೆ.

"ಅದೆಲ್ಲ ಹಳೇದಾತು ಅಮ್ಮ. ಈಗ ನೀನು ಮೀನು ಒಳಗೆ ಇಟ್ರೂ ಅಡ್ಡಿಲ್ಲ," ಎಂದ.

ಅಡ್ಡಿಲ್ಲವಂತೆ! ನಾನು ಮೀನು ಮಾರಿ ಕಟ್ಟಿಸಿದ ಮನೆಯಲ್ಲಿ.

ಇವತ್ತು ಬೆಳಿಗ್ಗೆ ಆ ಹಳೇ ಬುಟ್ಟಿ ಹೊತ್ತು ಮೊದಲ ಬಸ್ಸಿಗೆ ಹೊನ್ನಾವರ ಪೇಟೆಗೆ ಹೋದೆ. ಚರಂಡಿಯ ಬದಿಗೆ ಒಂದಿಷ್ಟು ಜಾಗವಿತ್ತು. ಗೋಣಿ ಹಾಸಿ, ಒಣ ಸಿಗಡಿ ಹರಡಿ ಕೂತೆ.