ಬಿಸಿಲು ತುಂಬಿದ ದಿಂಬು

ಬಿಸಿಲಿಗೆ ಕಾದ ಪಾರ್ಚ್‌ಮೆಂಟ್ ಕಾಫಿಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಮಲ್ಲಂದೂರಿನ ನಮ್ಮ ಮನೆಯ ಕಣ ಕಣ್ಣಿಗೆ ಕಟ್ಟುತ್ತದೆ. ಕುಡಿಯುವ ಕಾಫಿಯ ಘಮವಲ್ಲ ಅದು. ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಣಗಲು ಹರಡಿದ ಕಾಫಿಬೇಳೆಯ ಒಣಹುಲ್ಲಿನಂಥ ಸಣ್ಣ ಸಿಹಿವಾಸನೆ. ಚಳಿಗಾಲದಲ್ಲಿ ಹೊತ್ತು ಏರುವವರೆಗೂ ಮಂಜು ಗುಡ್ಡ ಬಿಟ್ಟು ಏಳುತ್ತಿರಲಿಲ್ಲ. ಆಮೇಲೆ ಬಂದಷ್ಟು ಬಿಸಿಲನ್ನು ಬೇಳೆ ಕುಡಿದಿಟ್ಟುಕೊಳ್ಳುತ್ತಿತ್ತು. ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಟಾರ್ಪಾಲು ಹೊದಿಸಿದರೆ ಒಳಗಿನ ಬಿಸಿ ಬೆಳಗಾದರೂ ಆರುತ್ತಿರಲಿಲ್ಲ. ನಾವು ಮಕ್ಕಳು ಕದ್ದು ಅದರೊಳಗೆ ಕೈ ತೂರಿಸುತ್ತಿದ್ದೆವು. ಕಾಫಿ ಬೇಗ ಬೇರೆ ವಾಸನೆ ಹಿಡಿಯುತ್ತದೆಂದು ಅಜ್ಜಯ್ಯ ಕೆಲಸವಿಲ್ಲದ ಯಾರನ್ನೂ ಕಣದ ಹತ್ತಿರ ಬಿಡುತ್ತಿರಲಿಲ್ಲ. ಬೀಡಿ ಸೇದಿದವರಿಗೂ ಬೈಗುಳ, ತಲೆಗೆ ಎಣ್ಣೆ ಹಚ್ಚಿದವರಿಗೂ ಬೈಗುಳ. ಕಾಫಿಗಿದ್ದಷ್ಟು ಮಡಿ ನಮ್ಮ ದೇವರಿಗೂ ಇರಲಿಲ್ಲ.

ಅಂಥ ಒಂದು ಚಳಿಗಾಲದಲ್ಲಿ ನನ್ನ ತಂಗಿ ಸುಮ ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಅಳುವುದಕ್ಕೂ ಬಲವಿಲ್ಲದ ಕೂಸು. ನೋಡಲು ಬಂದ ಡಾಕ್ಟರು, "ಮೈ ತಣ್ಣಗಾಗದ ಹಾಗೆ ಕಾಪಾಡ್ಕೊಳ್ಳಿ, ಅದೊಂದು ಆದ್ರೆ ಉಳೀತದೆ" ಎಂದು ಹೇಳಿ ಹೋದರು. ಕೆಂಡ ತಂದಿಟ್ಟರೆ ಹೊಗೆಗೆ ಅದರ ಉಸಿರು ಕಟ್ಟುತ್ತಿತ್ತು. ಎಷ್ಟು ಕಂಬಳಿ ಹೊದಿಸಿದರೂ ಪಾದ ತಣ್ಣಗೇ ಇರುತ್ತಿತ್ತು. ಅಮ್ಮ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಸಂಜೆ ಅಜ್ಜಿ ಎರಡು ದಿಂಬಿನ ಹತ್ತಿ ಸುರಿದು, ಖಾಲಿ ಚೀಲ ಹಿಡಿದು ಸೀದಾ ಕಣಕ್ಕೆ ನಡೆದರು. ನಾನೂ ಹಿಂದೆಯೇ ಓಡಿದೆ.

"ಎಂತ ಮಾರಾಯ್ತಿ ಅದು?" ಎಂದರು ಅಜ್ಜಯ್ಯ. "ಕೂಸಿನ ಆಚೆ ಈಚೆ ಇಡಕ್ಕೆ ಬಿಸಿ ಬೇಳೆ ಬೇಕು. ಬೈಯೋದಿದ್ರೆ ನಾಳೆ ಬೈರಿ" ಎಂದರು ಅಜ್ಜಿ. ಅಜ್ಜಯ್ಯ ಬೈಯಲಿಲ್ಲ. ಟಾರ್ಪಾಲು ಸರಿಸಿ ರಾಶಿಯೊಳಗೆ ಮೊಣಕೈವರೆಗೆ ಕೈಯಿಟ್ಟು, "ಮೇಲಿಂದು ಆರಿದೆ, ನಡುವಿಂದು ತಗೋ" ಎಂದು ತಾವೇ ಮೊಗೆದು ತುಂಬಿದರು. ಅಂದಿನಿಂದ ಪ್ರತಿ ಸಂಜೆ ಬಿಸಿ ದಿಂಬುಗಳನ್ನು ಎದೆಗವಚಿಕೊಂಡು ಬಾಣಂತಿ ಕೋಣೆಯ ಬಾಗಿಲಿಗೆ ತಂದುಕೊಡುವ ಕೆಲಸ ಅವರದೇ ಆಯಿತು. ಒಂದು ಬೆಳಿಗ್ಗೆ, ಎದುರಿನವರ ಮುಖವೂ ಕಾಣದಂಥ ಮಂಜಿನಲ್ಲಿ, ಸುಮಳ ಅಳು ಕಣದವರೆಗೂ ಕೇಳಿಸಿತು. ಕಣ ಗುಡಿಸುತ್ತಿದ್ದ ಆಳುಗಳೆಲ್ಲ ನಿಂತುಬಿಟ್ಟರು. ಮಂಜು ಹರಿದದ್ದೇ ತಡ, ಅಜ್ಜಯ್ಯ ಕೂಸನ್ನು ಬಿಸಿಲಿಗೆ ಎತ್ತಿಕೊಂಡು ಬಂದು, "ನೋಡ್ರೋ, ಈ ಸಲದ ಫಸಲು!" ಎಂದು ಕೂಗಿ ನಕ್ಕರು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಈಗ ಅವರಿಬ್ಬರೂ ಇಲ್ಲ. ಮನೆ ಪಾಲಾಗಿ ಕಣದ ನಡುವೆ ಬೇಲಿ ಬಂದಿದೆ. ಹಾಗೆ ಕಳೆದುಹೋದ ಮನೆಯೊಂದು ನಿಮಗೂ ಇದ್ದೀತು. ಆ ಸಂಕಟ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಸುಮ ಇದ್ದಾಳೆ. ಎಷ್ಟು ಬೈದರೂ ಚಳಿಗೆ ಸ್ವೆಟರ್ ಹಾಕುವುದಿಲ್ಲ.