ಅಕ್ಕಿ ಮೂಟೆ ಬೀಳಲಿಲ್ಲ, ಯಜಮಾನರು ಹಾರಿದರು

ಕಲ್ಕತ್ತೆಯಲ್ಲಿದ್ದ ಅಷ್ಟೂ ವರ್ಷ ಹಳೆಯ ಕಟ್ಟಡಗಳನ್ನು ಅಲ್ಲಾಡಿಸಿ ನೋಡುವುದೇ ನನ್ನ ಕೆಲಸವಾಗಿತ್ತು. ಮಡಕೆ ಕೊಳ್ಳುವ ಮುನ್ನ ತಟ್ಟಿ ನೋಡುತ್ತೇವಲ್ಲ, ಅದೇ ವಿದ್ಯೆ. ಮೇಲಿನ ಅಂತಸ್ತಿನಲ್ಲಿ ಭಾರವಾದದ್ದೇನನ್ನಾದರೂ ಬೀಳಿಸಬೇಕು. ಗೋಡೆಗೆ ಕೂರಿಸಿದ ಯಂತ್ರ ಆ ನಡುಕವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ನಡುಕ ಚುರುಕಾಗಿದ್ದು ಬೇಗ ನಿಂತರೆ ಗೋಡೆ ಗಟ್ಟಿ. ನಿಧಾನವಾಗಿ ತೂಗಾಡುತ್ತಲೇ ಇದ್ದರೆ ಒಳಗಿನ ಗಾರೆ ಸತ್ತಿದೆ ಎಂದರ್ಥ. ಇಷ್ಟನ್ನು ನಾನು ಸಿಟ್ಟು ಮಾಡಿಕೊಳ್ಳದೆ ವಿವರಿಸಿದ್ದು ಬಹುಶಃ ಇದೇ ಮೊದಲು.

ಪಾರ್ಕ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಬ್ರಿಟಿಷರ ಕಾಲದ ಇಟ್ಟಿಗೆ ಕಟ್ಟಡವೊಂದಿತ್ತು. ಮೇಲೆ ಯಾವುದೋ ಸರ್ಕಾರಿ ಕಚೇರಿ, ಕೆಳಗೆ ಉಡುಪಿ ಕಡೆಯವರ ಹೋಟೆಲು. ಮೈಸೂರಿನವನಾದ ನನಗೆ ಬೆಳಗಿನ ಇಡ್ಲಿಯೂ ಎರಡು ಮಾತು ಕನ್ನಡವೂ ಸಿಗುತ್ತಿದ್ದುದು ಅಲ್ಲೇ. ಹೋಟೆಲಿನ ನಡುಗೋಡೆಯ ಕಮಾನಿನಲ್ಲಿ ಒಂದು ಬಿರುಕು ಕಾಣಿಸಿಕೊಂಡಿತು. ಪರೀಕ್ಷೆ ಮಾಡಿ ವರದಿ ಕೊಡಿ ಎಂದು ನಮ್ಮ ಪ್ರಯೋಗಾಲಯಕ್ಕೆ ಕಾಗದ ಬಂತು. ನಾನು ‘ಅಪಾಯ’ ಎಂದು ಬರೆದರೆ ಹೋಟೆಲು ಖಾಲಿಯಾಗಬೇಕು. ಯಜಮಾನರಿಗೆ ಅರವತ್ತರ ಹತ್ತಿರ ವಯಸ್ಸು, ಇಪ್ಪತ್ತೆರಡು ವರ್ಷದಿಂದ ಅದೇ ಗಲ್ಲಾದ ಹಿಂದೆ ಕೂತವರು. ಈ ಊರಿನಲ್ಲಿ ಅವರಿಗೆ ಬೇರೆ ಜಾಗವಿರಲಿಲ್ಲ.

ಮೊದಲ ದಿನ ಯಂತ್ರ ಹೊತ್ತುಕೊಂಡು ಹೋದರೆ ಹೋಟೆಲಿನಲ್ಲಿ ಆಸ್ಪತ್ರೆಯ ಮೌನ. ಗ್ರೈಂಡರ್ ನಿಂತಿದೆ. ಮಾಣಿಗಳು ಬರಿಗಾಲಲ್ಲಿ ತುದಿಬೆರಳ ಮೇಲೆ ಓಡಾಡುತ್ತಿದ್ದಾರೆ. ಗಿರಾಕಿಗಳಿಗೆ ಇಡ್ಲಿ ಇಲ್ಲ, ಬರೀ ಬ್ರೆಡ್ಡು.

“ಏನ್ರೀ ಇದು? ಯಾಕೆ ಎಲ್ಲಾ ನಿಲ್ಲಿಸಿದೀರಿ?” ಎಂದೆ.

ಯಜಮಾನರು ಪಿಸುದನಿಯಲ್ಲಿ ಹೇಳಿದರು: “ಶ್ಶ್, ಮೆಲ್ಲ ಮಾತಾಡಿ ಮಾರಾಯ್ರೇ. ನಿಮ್ಮ ಯಂತ್ರ ಬರ್ತದೆ ಅಂತ ನಿನ್ನೆಯಿಂದ ಕಟ್ಟಡಕ್ಕೆ ಪೂರ್ತಿ ರೆಸ್ಟ್ ಕೊಟ್ಟಿದ್ದೇನೆ.”

ಡಾಕ್ಟರ ಮುಂದೆ ಕೆಮ್ಮು ಹಿಡಿದುಕೊಳ್ಳುವ ರೋಗಿಗಳನ್ನು ನೋಡಿದ್ದೆ. ಕಟ್ಟಡದ ಪರವಾಗಿ ಕೆಮ್ಮು ಹಿಡಿದುಕೊಂಡವರನ್ನು ನೋಡಿದ್ದು ಅಂದೇ. ನಡುಗದಿದ್ದರೆ ನನಗೆ ಏನೂ ತಿಳಿಯುವುದಿಲ್ಲ, ಬೀಳಿಸಲು ಏನಾದರೂ ಭಾರ ಬೇಕು ಎಂದು ಗಂಟಲು ಹರಿಯುವಂತೆ ಹೇಳಿದೆ. ನಿಯಮದ ಪ್ರಕಾರ ಅದು ಮರಳಿನ ಚೀಲವಾಗಬೇಕು. ಆ ಚೀಲಕ್ಕಾಗಿ ನಾನು ಬರೆದ ಅರ್ಜಿ ಐದು ತಿಂಗಳಿಂದ ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ಐವತ್ತು ಕಿಲೋ ಅಕ್ಕಿಯ ಮೂಟೆ ಕಂಡಿತು. ಇದನ್ನೇ ಮೇಲೆ ಒಯ್ದು ಬೀಳಿಸೋಣ ಎಂದೆ. ಪಿಸುಗುಟ್ಟುತ್ತಿದ್ದ ಯಜಮಾನರು ಒಮ್ಮೆಲೇ ಗುಡುಗಿದರು.

“ಅಕ್ಕಿಯನ್ನು ನೆಲಕ್ಕೆ ಬಡಿಯುದಾ? ಹೋಟೆಲು ಬೇಕಾದ್ರೆ ಹೋಗ್ಲಿ, ಅದು ಮಾತ್ರ ಆಗ್ಲಿಕ್ಕಿಲ್ಲ!”

“ಚೀಲ ಒಡೆಯಲ್ಲ ಕಣ್ರೀ, ಅಕ್ಕಿಗೇನೂ ಆಗಲ್ಲ.”

“ನಿಮ್ಗೆ ಭಾರ ಬೇಕಲ್ವಾ? ನಾನೇ ಹಾರ್ತೇನೆ. ನಾನೆಂತ ಕಮ್ಮಿ ಉಂಟಾ?”

ಕಮ್ಮಿ ಇರಲಿಲ್ಲ. ಆದರೆ ಹಾರಬೇಕಾದದ್ದು ಮೇಲಿನ ಕಚೇರಿಯ ಹಾಲಿನಲ್ಲಿ. ಅಲ್ಲಿ ಎರಡು ಯೂನಿಯನ್‌ಗಳಿದ್ದವು, ಎರಡೂ ಕೆಂಪು ಬಾವುಟದವು. ಹೊರಗಿನವರೊಬ್ಬರು ಬಂದು ನಮ್ಮ ಹಾಲಿನಲ್ಲಿ ಹಾರುವುದೆಂದರೇನು ಎಂದು ಒಂದು ಯೂನಿಯನ್‌ನ ಕಾರ್ಯದರ್ಶಿ ಕೇಳಿದರು. ಹಾರುವುದಿದ್ದರೆ ಸಿಬ್ಬಂದಿಯೇ ಹಾರಬೇಕು. ಆದರೆ ಹಾರುವುದು ಸಿಬ್ಬಂದಿಯ ಕರ್ತವ್ಯದ ಪಟ್ಟಿಯಲ್ಲಿಲ್ಲ. ಆದ್ದರಿಂದ ಯಾರೂ ಹಾರುವಂತಿಲ್ಲ. ಇದನ್ನು ಕೇಳಿದ್ದೇ ಎರಡನೆಯ ಯೂನಿಯನ್ ಸಭೆ ಸೇರಿ, ಕಟ್ಟಡದ ಹಿತಕ್ಕಾಗಿ ತಾವು ಹಾರಲು ಸಿದ್ಧ ಎಂದು ನೋಟಿಸ್ ಅಂಟಿಸಿತು. ಸುಮ್ಮನಿದ್ದರೆ ಮೈದಾನ ಎದುರಾಳಿಗಳ ಪಾಲಾಗುತ್ತದಲ್ಲ! ಮೊದಲನೆಯವರೂ ಹಾರುವುದೆಂದು ತೀರ್ಮಾನಿಸಿದರು. ಇಷ್ಟಕ್ಕೆ ಮೂರು ದಿನ ಹಿಡಿಯಿತು. ಮೂರು ದಿನವೂ ಕೆಳಗೆ ಗ್ರೈಂಡರ್ ಬಂದ್, ಗಿರಾಕಿಗಳಿಗೆ ಬ್ರೆಡ್ಡು. ನಾನು ಬೇಡವೆಂದರೂ ಯಜಮಾನರು ಕೇಳಲಿಲ್ಲ.

ನಾಲ್ಕನೆಯ ದಿನ ಊಟದ ಬಿಡುವಿನಲ್ಲಿ ನಲವತ್ತು ಗುಮಾಸ್ತರು ಹಾಲಿನಲ್ಲಿ ಸಾಲಾಗಿ ನಿಂತರು. ನಾನು ಕೆಳಗೆ ಕಮಾನಿನ ಪಕ್ಕ ಯಂತ್ರದ ಮುಂದೆ. ಯಜಮಾನರು ಕೈಮುಗಿದುಕೊಂಡು ನನ್ನ ಬೆನ್ನ ಹಿಂದೆ. ಮೇಲಿನಿಂದ ಬಂಗಾಳಿಯಲ್ಲಿ “ಏಕ್, ದುಯಿ, ತೀನ್!” ಎಂದು ಕೂಗು ಬಂತು. ಸೂರೇ ಕಳಚಿ ಬಿದ್ದಂಥ ಸದ್ದು. ಸುಣ್ಣದ ಹಕ್ಕಳೆ ನನ್ನ ತಲೆಯ ಮೇಲೆ ಉದುರಿತು. ಕಾಗದದ ಮೇಲಿನ ಮುಳ್ಳು ಮಾತ್ರ ಮಿಸುಕಲಿಲ್ಲ.

“ನೋಡಿ, ನೋಡಿ! ಅಲ್ಲಾಡ್ಲೇ ಇಲ್ಲ!” ಯಜಮಾನರು ನನ್ನ ಭುಜ ಹಿಡಿದು ಕುಣಿದರು. ಅವರ ಕಣ್ಣಲ್ಲಿ ನೀರು.

ನಾನು ತಲೆಯೆತ್ತಿ ಫ್ಯಾನು ನೋಡಿದೆ. ಅದೂ ನಿಂತಿತ್ತು. ‘ತೀನ್’ ಎನ್ನುವ ಹೊತ್ತಿಗೆ ಸರಿಯಾಗಿ ಲೋಡ್ ಶೆಡ್ಡಿಂಗ್.

ಇನ್ನೊಮ್ಮೆ ಹಾರಿ ಎಂದರೆ ಎರಡೂ ಯೂನಿಯನ್‌ಗಳು ಒಂದೇ ಬಾಯಲ್ಲಿ ಆಗದು ಎಂದವು. ಅವು ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಆಗ ಮಾತ್ರ. ಯಜಮಾನರು ಒಬ್ಬರೇ ಹಾರುವುದಕ್ಕೆ ಈಗ ಯಾರ ತಕರಾರೂ ಇರಲಿಲ್ಲ. ಕರೆಂಟು ಬಂದ ಮೇಲೆ ಅವರು ಪಂಚೆ ಎತ್ತಿ ಕಟ್ಟಿ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. ಹಾರಿದರು. ಮುಳ್ಳು ನಡುಗಿತು, ಚುರುಕಾಗಿ ನಾಲ್ಕೈದು ಗೆರೆ ಎಳೆದು ನಿಂತಿತು. ಖಾತ್ರಿಗಾಗಿ ಇನ್ನೂ ಆರು ಸಲ ಹಾರಿಸಿದೆ. ಕೊನೆಯ ಸಲ ಮೇಲಿನಿಂದ ಕ್ಷೀಣವಾಗಿ “ಸಾಕಾ?” ಎಂದು ಕೇಳಿಸಿತು.

ಬಿರುಕು ಮೇಲ್ಮೈಯ ಗಾರೆಯದಷ್ಟೇ, ಗೋಡೆ ಗಟ್ಟಿಯಾಗಿದೆ, ಖಾಲಿ ಮಾಡಿಸುವ ಅಗತ್ಯವಿಲ್ಲ ಎಂದು ವರದಿ ಬರೆದು ರುಜು ಹಾಕಿದೆ. ಇಷ್ಟು ಸಂತೋಷದಿಂದ ನಾನು ಯಾವ ವರದಿಗೂ ರುಜು ಹಾಕಿದವನಲ್ಲ.

ಮಾರನೆಯ ಬೆಳಿಗ್ಗೆ ಇಡ್ಲಿಗೆ ಹೋದೆ. ಗ್ರೈಂಡರ್ ಗುರುಗುಟ್ಟುತ್ತಿತ್ತು, ಮಾಣಿಗಳು ಚಪ್ಪಲಿ ಸದ್ದು ಮಾಡುತ್ತ ಓಡಾಡುತ್ತಿದ್ದರು. ಕಮಾನಿನ ಕೆಳಗಿನ ಮೇಜುಗಳು ಮಾತ್ರ ಖಾಲಿ. ಗಿರಾಕಿಗಳೆಲ್ಲ ಬೀದಿಯ ಬದಿಗೆ ಒತ್ತೊತ್ತಾಗಿ ಕೂತು ತಿನ್ನುತ್ತಿದ್ದರು. ಹೆದರುಪುಕ್ಕಲರು ಎಂದು ಮನಸ್ಸಿನಲ್ಲೇ ಬೈದುಕೊಂಡು ಒಂದು ಕುರ್ಚಿ ಎಳೆದು ಕೂತೆ.

ಯಜಮಾನರು ನೋವಿನ ಮಂಡಿ ಹಿಡಿದುಕೊಂಡು ಕುಂಟುತ್ತ ಬಂದರು. ನನ್ನ ಮುಖ ನೋಡಿದರು, ನಾನು ಕೂತ ಜಾಗ ನೋಡಿದರು. ಬಾಗಿಲಿಗೆ ತೀರಾ ಹತ್ತಿರದ ಕುರ್ಚಿ ಅದು. ಕಮಾನಿನ ಕೆಳಗಿನ ಮೇಜನ್ನು ತಾವೇ ಒರೆಸಿ, ಅದರ ಮೇಲೆ ತಟ್ಟೆ ಇಟ್ಟರು.

“ನಿಮ್ಮ ಇಡ್ಲಿ ಇಲ್ಲಿ ಉಂಟು,” ಎಂದರು.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎದ್ದು ಹೋಗಿ ಬಿರುಕಿನ ಕೆಳಗೆ ಕೂತೆ. ಬೀದಿಯ ಬದಿಯವರೆಲ್ಲ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ನಾಲ್ಕು ಇಡ್ಲಿ ತಿಂದೆ. ಒಂದನ್ನೂ ಅಗಿದ ನೆನಪಿಲ್ಲ.