ಗೋಡೆಯ ಮೇಲಿನ ಕಾವಿ ಗೆರೆ

ನಂಜನಗೂಡಿನ ನಮ್ಮ ಮನೆಯ ನಡುಮನೆಯಲ್ಲಿ, ನನ್ನ ಮಂಡಿಗಿಂತ ಒಂದು ಗೇಣು ಮೇಲೆ, ಗೋಡೆಯುದ್ದಕ್ಕೂ ಒಂದು ಕೆಂಪು ಗೆರೆಯಿತ್ತು. ನಾನು ಹುಡುಗನಾಗಿದ್ದಾಗ ಕಪಿಲೆ ಉಕ್ಕಿ ಒಳಗೆ ಬಂದಳು. ನೆಂಟರಂತೆ ಎರಡು ದಿನ ಇದ್ದು ಇಳಿದುಹೋದಳು. ಕೆಸರು ತೊಳೆದ ನಮ್ಮಪ್ಪ, ನೀರು ನಿಂತಿದ್ದ ಮಟ್ಟಕ್ಕೆ ಕಾವಿಯಲ್ಲಿ ಆ ಗೆರೆ ಎಳೆದು, ಹೂವಿಟ್ಟು ಕೈಮುಗಿದರು. ಹೊಳೆಯ ದಡದ ನಮ್ಮ ಬೀದಿಯಲ್ಲಿ ಎಲ್ಲರದೂ ಅದೇ ಪದ್ಧತಿ. ಉಳಿದ ಕಾವಿ ಉಂಡೆ ತೆಂಗಿನ ಚಿಪ್ಪಿನಲ್ಲಿ ಅಟ್ಟ ಸೇರಿತು.

ಈಗ ಆ ಮನೆಯನ್ನು ಮಾರಬೇಕಾಯಿತು. ನನ್ನ ಹೆಂಡತಿ ಶಾರದೆಯ ಮಂಡಿ ನಮ್ಮ ಏಳು ಮೆಟ್ಟಿಲುಗಳೊಡನೆ ಮಾತು ಬಿಟ್ಟಿತ್ತು. ದೇವಸ್ಥಾನಕ್ಕೂ ಇಳಿಯಲಾರದೆ ಅವಳು ಕಿಟಕಿಯಲ್ಲೇ ಕೂತಿರುತ್ತಿದ್ದಳು. ತಿ. ನರಸೀಪುರದಲ್ಲಿ ಮೆಟ್ಟಿಲಿಲ್ಲದ ಪುಟ್ಟ ಮನೆಯೊಂದು ಸಿಕ್ಕಿತ್ತು. ಅದರ ಯಜಮಾನರು ದೀಪಾವಳಿವರೆಗೆ ಮಾತ್ರ ಕಾಯುತ್ತೇನೆಂದಿದ್ದರು. ಅಷ್ಟರೊಳಗೆ ನಮ್ಮದು ಒಳ್ಳೆ ಬೆಲೆಗೆ ಹೋಗಬೇಕು.

ನಾನು ಮಹಾ ಬುದ್ಧಿವಂತನಲ್ಲವೆ! ಗೋಡೆಗೆ ಮೆತ್ತುವ ಪುಟ್ಟಿ ಒಂದು ಚೀಲ ತಂದು ಗೆರೆಯನ್ನು ನಾನೇ ಮುಚ್ಚಿದೆ. ಇನ್ನು ಸೋಸಲೆಯ ಗಾರೆ ಮೇಸ್ತ್ರಿ ಪುಟ್ಟಸ್ವಾಮಿ ಬಂದು ಸೂರಿಗೆ ಹೂಬಳ್ಳಿಯ ಪಿಓಪಿ ಅಲಂಕಾರ ಮಾಡಿ ಬಣ್ಣ ಹೊಡೆದರೆ ಮುಗಿಯಿತು ಎಂದುಕೊಂಡೆ. ಮೇಸ್ತ್ರಿ ಬಂದವನು ಸೂರಿನತ್ತ ಕತ್ತೆತ್ತಲೇ ಇಲ್ಲ. ನನ್ನ ಪುಟ್ಟಿಯ ಮೇಲೆ ಬೆರಳಾಡಿಸಿದ.

“ಇದ್ಯಾಕ್ ಸಾ ಮುಚ್ಬುಟ್ರಿ?”

ನೋಡಿದವರು ಹೆದರುತ್ತಾರಲ್ಲಪ್ಪಾ ಎಂದೆ.

“ಒಳೆ ದಡದ ಮನೆ ತಕೊಳಕ್ ಬರೋರು ಮೊದ್ಲು ಗೆರೆ ಉಡುಕ್ತಾರೆ ಕಣ್ ಸಾ. ಕಾಣ್ನಿಲ್ಲ ಅಂದ್ರೆ ನೀರು ತಾರ್ಸಿಗಂಟ ಬಂದಿತ್ತು ಅಂದ್ಕೋತಾರೆ. ಪಿಓಪಿ ಆಮೇಕಿರ್ಲಿ, ಆ ಕಾಸ್ನಾಗೆ ಪ್ಲಗ್ ಪಾಯಿಂಟೆಲ್ಲ ಗೆರೆಯಿಂದ ಮ್ಯಾಕೆ ಆಕ್ಸಿ.”

ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಹೊಳೆಯದ್ದು, ಕಾವೇರಿ ದಡದಲ್ಲಿ ಹುಟ್ಟಿ ಬೆಳೆದ ಈ ಮನುಷ್ಯನಿಗೆ ಅಂಗೈ ನೆಲ್ಲಿಯಾಗಿತ್ತು. ಅವನು ಪುಟ್ಟಿ ಕೆರೆದ ರೀತಿಯನ್ನಂತೂ ನೀವು ನೋಡಬೇಕಿತ್ತು. ಕೂಸಿನ ಮೈ ಒರೆಸುವ ಹಾಗೆ, ಅಪ್ಪನ ಕಾವಿಗೆ ಒಂದು ಗೀರೂ ತಾಗದಂತೆ. ಪ್ಲಗ್ಗುಗಳೆಲ್ಲ ಗೆರೆಯ ಮೇಲಕ್ಕೆ ಹತ್ತಿದವು. ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಎತ್ತರದ ಕಟ್ಟೆ ಎದ್ದಿತು. ಬಣ್ಣ ಹೊಡೆಯುವಾಗ ಗೆರೆಯ ಎರಡು ಬದಿಗೂ ಬೆರಳಗಲ ಜಾಗ ಬಿಟ್ಟ. ಮನೆಯ ಬೆಲೆ ಹೆಚ್ಚಿಸುವುದೆಂದರೆ ಅದರ ವಯಸ್ಸನ್ನು ಅಡಗಿಸುವುದೆಂದು ತಿಳಿದಿದ್ದೆ ನಾನು. ಮನೆ ಇಷ್ಟು ವರ್ಷ ಬಾಳಿ ಕಲಿತದ್ದನ್ನು ಮುಂದೆ ಬರುವವರಿಗೆ ಕೆಲಸಕ್ಕೆ ಬರುವಂತೆ ಮಾಡುವುದೂ ಬೆಲೆಯೇ.

ದೀಪಾವಳಿಗೆ ಎಂಟು ದಿನವಿದ್ದಾಗ ಹದಿನಾರು ಗ್ರಾಮದ ಜಯಮ್ಮ ಮನೆ ನೋಡಲು ಬಂದರು. ಊಟದ ಮೆಸ್ ನಡೆಸುವ ಗಟ್ಟಿಗಿತ್ತಿ. ಒಳಗೆ ಕಾಲಿಟ್ಟವರೇ ಗೋಡೆ ನೋಡಿದರು, ಗೆರೆಯ ಪಕ್ಕ ನಿಂತು ಸೆರಗಿನಂಚನ್ನು ಅದಕ್ಕೆ ತಾಗಿಸಿ ಅಳತೆ ಮಾಡಿಕೊಂಡರು, ಆಮೇಲೆ ಪ್ಲಗ್ಗುಗಳನ್ನು ಒಂದೊಂದಾಗಿ ನೋಡಿದರು.

“ಮೂರು ಮನೆ ನೋಡ್ದೆ ಸಾ, ಎಲ್ರೂ ಬಣ್ಣ ತೋರಿಸ್ದೋರೇ. ನಿಜ ತೋರಿಸ್ದೋರು ನೀವೊಬ್ರೇಯ.”

ಆ ಹೊಗಳಿಕೆ ನನ್ನದಲ್ಲವೆಂದು, ಪುಟ್ಟಿಯ ಕತೆಯನ್ನೂ ಮೇಸ್ತ್ರಿಯ ಹೆಸರನ್ನೂ ಹೇಳಿಬಿಟ್ಟೆ. ಅವರು ನಕ್ಕು, ಕೇಳಿದ ಬೆಲೆಗೇ ಒಪ್ಪಿದರು.

ಬೀಗದ ಕೈ ಕೊಟ್ಟ ದಿನ ಶಾರದೆ ಏಳು ಮೆಟ್ಟಿಲನ್ನು ಕೊನೆಯ ಬಾರಿ ಇಳಿದಳು. ನಾನು ಅಟ್ಟದಿಂದ ಅಪ್ಪನ ಚಿಪ್ಪು ತೆಗೆದು ಜಯಮ್ಮನ ಕೈಗಿಟ್ಟೆ. ಕಾವಿ ಇನ್ನೂ ಅರ್ಧ ಉಳಿದಿತ್ತು.

“ಇದು ನಿಮಗೆ ಬೇಕಾಗದೇ ಇರಲಿ ತಾಯಿ,” ಎಂದೆ.

“ಬ್ಯಾಡ್ದೇ ಇರ್ಲಿ ಅಂತ್ಲೇ ಮಡಿಕ್ಕೋತೀನಿ ಸಾ,” ಎಂದು ಅವರು ಅದನ್ನು ಗೆರೆಯ ಮೇಲಿನ ಗೂಡಿನಲ್ಲಿಟ್ಟು ಕೈಮುಗಿದರು.